ಹ್ಯಾಂಡಲ್ ಬದಲಿಸಿದ ಮಾತ್ರಕ್ಕೆ ಹೈಬ್ರಿಡ್ ರೋಡ್ ಬೈಕ್ ಆಗುವುದಿಲ್ಲ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಫಿಟ್‌ನೆಸ್ ಸೈಕಲ್‌ಗಳ ಬಗ್ಗೆ ಬಂದ ಲೇಖನ ಓದಿದೆ. ಚೆನ್ನಾಗಿತ್ತು. ಆದರೆ ಕೊನೆಯ ಕಾಲಂನಲ್ಲಿ ಒಂದು ವಾಕ್ಯ ಇದೆ. ನೇರ ಹ್ಯಾಂಡಲ್ ತೆಗೆದು ಬಾಗಿದ ಹ್ಯಾಂಡಲ್ ಹಾಕಿಸಿಕೊಂಡರೆ ಹೈಬ್ರಿಡ್ ಸೈಕಲ್ಲೇ ರೋಡ್ ಬೈಕ್ ಆಗುತ್ತದೆ ಅಂತ. (ಹೈಬ್ರಿಡ್ ಅಂದರೆ ಓಡಾಟಕ್ಕೂ ವ್ಯಾಯಾಮಕ್ಕೂ ಆಗುವ, ನೇರ ಹ್ಯಾಂಡಲ್ ಇರುವ ಸೈಕಲ್. ರೋಡ್ ಬೈಕ್ ಅಂದರೆ ಹ್ಯಾಂಡಲ್ ಮುಂದಕ್ಕೆ ಚಾಚಿ ಕೆಳಕ್ಕೆ ಬಾಗಿರುವ, ರೇಸ್ ಮಾದರಿಯ ಸೈಕಲ್.) ಅಷ್ಟು ಸಲೀಸಾಗಿ ಬರೆದದ್ದು ನೋಡಿ ಸುಮ್ಮನಿರಲು ಆಗಲಿಲ್ಲ. ಇದೇ ಮಾತು ನಂಬಿ ನಾನು ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ.

ನಾನು ಲೆಕ್ಕದ ಟೀಚರ್, ವಯಸ್ಸು 51. ಆರು ವರ್ಷದಿಂದ ನನ್ನ ಹತ್ತಿರ ಒಂದು ಕಾರ್ಬನ್ ಹೈಬ್ರಿಡ್ ಸೈಕಲ್ ಇದೆ. ಫ್ರೇಮು, ಮುಂದಿನ ಫೋರ್ಕು, ಸೀಟಿನ ಕಂಬ ಮೂರೂ ಕಾರ್ಬನ್. ಹಿಂದೆ ಹತ್ತು ಗೇರು, ಮುಂದೆ ಎರಡು ಹಲ್ಲುಚಕ್ರ, ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಡಿಸ್ಕ್ ಬ್ರೇಕು. ಓಡಿಸಿದ ದೂರ, ಬದಲಿಸಿದ ಭಾಗ, ಅದರ ತೂಕ ಎಲ್ಲವೂ ಒಂದು ನೋಟ್‌ಬುಕ್ಕಿನಲ್ಲಿದೆ. ತೂಕ ಹಾಕಿದ್ದು ಅಡುಗೆಮನೆಯ ತಕ್ಕಡಿಯಲ್ಲಿ. ಮನೆಯವರು ನಗುತ್ತಾರೆ, ನಗಲಿ.

ಮೊದಲ ವರ್ಷ ಗಂಟೆ ದಾಟಿ ಸೈಕಲ್ ತುಳಿದರೆ ಸಾಕು, ಉಂಗುರದ ಬೆರಳು, ಕಿರುಬೆರಳು ಜೋಮು ಹಿಡಿಯುತ್ತಿದ್ದವು. ಅಂಗೈಯ ಹೊರ ಅಂಚಿನಲ್ಲಿ ಹಾದುಹೋಗುವ ಅಲ್ನಾರ್ ನರ ಒತ್ತಿಕೊಂಡಾಗ ಹೀಗಾಗುತ್ತದೆ. ನೇರ ಹ್ಯಾಂಡಲ್‌ನಲ್ಲಿ ಕೈ ಇಡಲು ಇರುವುದು ಒಂದೇ ಜಾಗ. ಬಾಗಿದ ಹ್ಯಾಂಡಲ್‌ನಲ್ಲಾದರೆ ಮೂರು ನಾಲ್ಕು ಜಾಗ ಸಿಗುತ್ತವೆ. ಹಾಗಾದರೆ ಹ್ಯಾಂಡಲ್ ಬದಲಿಸಿದರಾಯಿತು ಅಂತ ಅನಿಸುವುದು ಸಹಜ, ಅಲ್ವಾ? ನನಗೂ ಅನಿಸಿತು. ಬಾಗಿದ ಹ್ಯಾಂಡಲ್ ಒಂದನ್ನು ತಂದೇಬಿಟ್ಟೆ.

ಮನೆಗೆ ತಂದು ನೋಡಿದರೆ ಅದು ಹಳೆಯ ಬ್ರೇಕ್ ಹಿಡಿಯ ಬಳೆಯೊಳಗೆ ತೂರಲಿಲ್ಲ. ಸ್ಕೂಲಿನ ಲ್ಯಾಬಿನಿಂದ ವರ್ನಿಯರ್ ಕ್ಯಾಲಿಪರ್ಸ್ ತಂದು ಅಳೆದೆ. ಹಿಡಿ ಕೂರುವ ಕಡೆ ನೇರ ಹ್ಯಾಂಡಲ್‌ನ ದಪ್ಪ 22.2 ಮಿಲಿಮೀಟರ್, ಬಾಗಿದ್ದರದು 23.8. ವ್ಯತ್ಯಾಸ ಬರೀ 1.6 ಮಿಲಿಮೀಟರ್. ಅಷ್ಟಕ್ಕೇ ಬ್ರೇಕ್ ಹಿಡಿ, ಗೇರ್ ಹಿಡಿ ಎರಡೂ ಮೂಲೆಗೆ ಸೇರಿದವು. ಹಾಗಾದರೆ ಬ್ರೇಕು ಗೇರು ಒಂದರಲ್ಲೇ ಇರುವ ಹೊಸ ಹಿಡಿ ಬೇಕು. ನನ್ನದು ಎಣ್ಣೆಯ ಬ್ರೇಕು, ಆದ್ದರಿಂದ ಹೊಸ ಹಿಡಿಯೂ ಎಣ್ಣೆಯದೇ ಆಗಬೇಕು, ಚಕ್ರದ ಬಳಿ ಡಿಸ್ಕನ್ನು ಹಿಡಿಯುವ ಹಳೆಯ ಬ್ರೇಕ್ ಕ್ಯಾಲಿಪರಿಗೆ ಹೊಂದಬೇಕು. ಅಷ್ಟಕ್ಕೂ ಮುಗಿಯಲಿಲ್ಲ. ನೇರ ಹ್ಯಾಂಡಲ್‌ನ ಗೇರ್ ಹಿಡಿ ಒಂದು ಸಲಕ್ಕೆ ಎಳೆಯುವ ಕೇಬಲ್ಲಿನ ಉದ್ದವೇ ಬೇರೆ, ಬಾಗಿದ ಹ್ಯಾಂಡಲ್‌ನದೇ ಬೇರೆ ಇರಬಹುದು. ನನ್ನ ಸೈಕಲ್‌ನ ಮುಂದಿನ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ವಿಷಯದಲ್ಲಿ ಹಾಗೇ ಆಯಿತು, ಅದನ್ನೂ ಬದಲಿಸಬೇಕಿತ್ತು. ಕೂಡಿಸಿ ನೋಡಿದರೆ ಸೈಕಲ್ ಕೊಂಡ ಬೆಲೆಯ ಅರ್ಧಕ್ಕೆ ಹತ್ತಿರ.

ಪುಣ್ಯಕ್ಕೆ ಅಷ್ಟು ಹಣ ಸುರಿಯುವ ಮೊದಲು ಒಂದು ಪರೀಕ್ಷೆ ಮಾಡಿದೆ. ಅಕ್ಕನ ಮಗನ ಹಳೆಯ ಹಿಡಿಗಳನ್ನು ಕೇಬಲ್ ಇಲ್ಲದೆಯೇ ಹೊಸ ಹ್ಯಾಂಡಲ್‌ಗೆ ಸಿಕ್ಕಿಸಿ, ಸೈಕಲ್ಲನ್ನು ನಿಂತಲ್ಲೇ ತುಳಿಯುವ ಸ್ಟ್ಯಾಂಡಿಗೆ ಬಿಗಿದು, ಅದರ ಮೇಲೆ ಕೂತು ಕಾಲು ಗಂಟೆ ತುಳಿದೆ. ಮೊಣಕೈ ನೆಟ್ಟಗಾಯಿತು. ಕುತ್ತಿಗೆ ಹಿಡಿದುಕೊಂಡಿತು. ಸೀಟಿನಿಂದ ಅಂಗೈವರೆಗೆ ಟೇಪಿನಲ್ಲಿ ಅಳೆದರೆ ಮೊದಲಿಗಿಂತ 11 ಸೆಂಟಿಮೀಟರ್ ದೂರ. ಹ್ಯಾಂಡಲ್ ಹಿಡಿದಿರುವ ಸ್ಟೆಮ್ಮು 90 ಮಿಲಿಮೀಟರ್ ಉದ್ದದ್ದು. ಅದನ್ನು ತೆಗೆದು 50ರದು ಹಾಕಿದರೂ ವಾಪಸ್ ಸಿಗುವುದು ನಾಲ್ಕೇ ಸೆಂಟಿಮೀಟರ್.

ಇದರ ಕಾರಣ ನನಗೆ ಹೊಳೆದಿದ್ದು ಆಮೇಲೆ. ಹೈಬ್ರಿಡ್ ಫ್ರೇಮು ಮಾಡುವವರು ಕೈ ಹ್ಯಾಂಡಲ್‌ನ ಅಡ್ಡ ಕೊಳವೆಯ ಮೇಲೇ ಇರುತ್ತದೆ ಅಂತ ಲೆಕ್ಕ ಹಾಕಿ ಫ್ರೇಮನ್ನು ಸ್ವಲ್ಪ ಉದ್ದ ಮಾಡಿರುತ್ತಾರೆ. ರೋಡ್ ಬೈಕಿನಲ್ಲಿ ಕೈ ಆ ಕೊಳವೆಯಿಂದ ಮುಂದಕ್ಕೆ, ಬ್ರೇಕ್ ಹಿಡಿಯ ತಲೆಯ ಮೇಲೆ ಕೂರುತ್ತದೆ. ಅದಕ್ಕೆ ಅದರ ಫ್ರೇಮು ಗಿಡ್ಡ. ಉದ್ದದ ಫ್ರೇಮಿಗೆ ಮುಂದಕ್ಕೆ ಚಾಚಿದ ಹ್ಯಾಂಡಲ್ ಹಾಕಿದರೆ ಎರಡು ಉದ್ದವೂ ಕೂಡುತ್ತವೆ. ಕೂಡುವ ಲೆಕ್ಕ. ಲೆಕ್ಕದ ಟೀಚರಿಗೇ ಮೊದಲು ಹೊಳೆಯಲಿಲ್ಲ, ಏನು ಹೇಳೋಣ.

ಬೆರಳಿನ ಜೋಮು ಹೋಗಿದ್ದು ಬೇರೆ ದಾರಿಯಲ್ಲಿ, ಬಹಳ ಅಗ್ಗದಲ್ಲಿ. ನನ್ನ ಹ್ಯಾಂಡಲ್ 620 ಮಿಲಿಮೀಟರ್ ಅಗಲ ಇತ್ತು, ನನ್ನ ಭುಜ ಚಿಕ್ಕದು. ಅಲ್ಯೂಮಿನಿಯಂ ಹ್ಯಾಂಡಲ್ ಆದ್ದರಿಂದ ಪೈಪ್ ಕಟರ್‌ನಲ್ಲಿ ಎರಡೂ ಕಡೆ ಮೂರು ಮೂರು ಸೆಂಟಿಮೀಟರ್ ಕತ್ತರಿಸಿದೆ. ಕತ್ತರಿಸುವ ಮೊದಲು ಹಿಡಿಗಳನ್ನು ಒಳಗೆ ಸರಿಸಿ ಒಂದು ವಾರ ಓಡಿಸಿ ನೋಡಿದ್ದೆ, ಕತ್ತರಿಸಿದ್ದನ್ನು ಮತ್ತೆ ಅಂಟಿಸಲಾಗದಲ್ಲ. ಅಂಗೈಗೆ ಅಗಲವಾದ ಆಸರೆ ಇರುವ ಗ್ರಿಪ್ ಹಾಕಿದೆ. ಮಣಿಕಟ್ಟು ಮೇಲಕ್ಕೆ ಮಡಚದ ಹಾಗೆ ಬ್ರೇಕ್ ಹಿಡಿಯನ್ನು ಕೆಳಮುಖ ಮಾಡಿದೆ. ಕೈ ಇಡಲು ಇನ್ನೊಂದು ಜಾಗ ಸಿಗಲೆಂದು ಗ್ರಿಪ್ಪಿನ ಒಳಪಕ್ಕಕ್ಕೆ ಚಿಕ್ಕ ಕೊಂಬುಗಳನ್ನು ಸಿಕ್ಕಿಸಿದೆ. ಅಲ್ಲಿ ಕೈ ಇಟ್ಟಾಗ ಬ್ರೇಕು ದೂರವಾಗುತ್ತದೆ, ಹಾಗಾಗಿ ಖಾಲಿ ರಸ್ತೆಯಲ್ಲಿ ಮಾತ್ರ. ಕೈಗಳು ಹತ್ತಿರ ಬಂದ ಮೇಲೆ ಎದುರುಗಾಳಿಯಲ್ಲೂ ಸ್ವಲ್ಪ ಹಗುರ ಅನಿಸಿತು. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 25 ಕಿಲೋಮೀಟರಿನಿಂದ 30ಕ್ಕೆ ಹೋದರೆ ಗಾಳಿಗೆ ಮಾತ್ರ ಸುಮಾರು 73 ಪರ್ಸೆಂಟ್ ಜಾಸ್ತಿ ಶಕ್ತಿ ಬೇಕು. ಆ ಗಾಳಿಗೆ ಮುಖ್ಯ ಅಡ್ಡಿ ಸೈಕಲ್ ಅಲ್ಲ, ಮೇಲೆ ಕೂತವರ ಮೈ.

ಲೇಖನದಲ್ಲಿ ತೂಕ ಇಳಿಸುವ ಬಗ್ಗೆ ಅರ್ಧ ಪುಟ ಇದೆ. ನಾನೂ ಆ ಹುಚ್ಚಿಗೆ ಬಿದ್ದವಳೇ. ಹಗುರ ಚಕ್ರ ಹಾಕಿಸಿ 400 ಗ್ರಾಂ ಇಳಿಸಿದೆ. ನನ್ನ ತೂಕ 64 ಕೆ.ಜಿ., ಸೈಕಲ್ 10 ಕೆ.ಜಿ. ಒಟ್ಟು ತೂಕದಲ್ಲಿ ಕಮ್ಮಿಯಾದದ್ದು ಅರ್ಧ ಪರ್ಸೆಂಟ್ ಚಿಲ್ಲರೆ. ಇಪ್ಪತ್ತು ನಿಮಿಷದ ಏರಿನಲ್ಲಿ ಉಳಿಯುವುದು ಆರೇಳು ಸೆಕೆಂಡು. ಅರ್ಧ ಲೀಟರ್ ನೀರಿನ ಬಾಟಲಿ ಮನೆಯಲ್ಲೇ ಬಿಟ್ಟು ಬಂದರೆ ಅದಕ್ಕಿಂತ ಜಾಸ್ತಿ ಉಳಿಯುತ್ತದೆ. (ಕುಡಿದು ಖಾಲಿ ಮಾಡಿದರೆ ಪ್ರಯೋಜನ ಇಲ್ಲ, ನೀರು ಹೊಟ್ಟೆಯಲ್ಲೇ ಏರುತ್ತದೆ.) ರೇಸಿನವರಿಗೇ 2000ದಿಂದ ಸೈಕಲ್ 6.8 ಕೆ.ಜಿ.ಗಿಂತ ಹಗುರ ಇರಬಾರದು ಅಂತ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮ ಇದೆ. ನಾವು ಬೆಳಗಿನ ಹೊತ್ತು ತುಳಿಯುವವರು ಗ್ರಾಮು ಎಣಿಸಿ ಏನು ಮಾಡಬೇಕಾಗಿದೆ?

ಅದೇ ಏರಿನಲ್ಲಿ ನಿಜವಾಗಿ ಕಾಲು ಉಳಿಸಿದ್ದು ಹಿಂದಿನ ಗೇರು. ಮೊದಲು ದೊಡ್ಡ ಹಲ್ಲುಚಕ್ರಕ್ಕೆ 28 ಹಲ್ಲಿತ್ತು, ಈಗ 34. ಮುಂದಿನ ಚಿಕ್ಕ ಹಲ್ಲುಚಕ್ರಕ್ಕೂ 34 ಹಲ್ಲು. ಪೆಡಲ್ ಒಂದು ಸುತ್ತಿದರೆ ಮೊದಲು ಸೈಕಲ್ ಸುಮಾರು 2.6 ಮೀಟರ್ ಹೋಗುತ್ತಿತ್ತು, ಈಗ 2.15. ಏರು ಅದೇ, ಆದರೆ ಮಂಡಿಗೆ ಸಮಾಧಾನ. ಇದಕ್ಕೆ ಉದ್ದ ಕೇಜಿನ (ಚೈನನ್ನು ಬಿಗಿಯಾಗಿ ಹಿಡಿದಿಡುವ ತೋಳಿನ) ಹಿಂದಿನ ಡಿರೇಲರ್ ಬೇಕಾಯಿತು, ಚೈನೂ ಉದ್ದ ಬೇಕಾಯಿತು. ಆ ಖರ್ಚಿನ ಬಗ್ಗೆ ನನಗೆ ಬೇಜಾರಿಲ್ಲ.

ಟಯರಿನದೂ ಹಾಗೆಯೇ. 28 ಮಿಲಿಮೀಟರ್ ಅಗಲದ್ದು ತೆಗೆದು 32ರದು ಹಾಕಿದೆ. ಹಿಂದಿನ ಟಯರಿನಲ್ಲಿ 95 ಪಿ.ಎಸ್.ಐ. (ಗಾಳಿಯ ಒತ್ತಡದ ಅಳತೆ) ಇರುತ್ತಿದ್ದ ಗಾಳಿಯನ್ನು 60ಕ್ಕೆ ಇಳಿಸಿದೆ, ಮುಂದೆ ಇನ್ನೂ ಐದು ಕಮ್ಮಿ. ಟಯರಿನ ಪಕ್ಕದಲ್ಲಿ ಅಚ್ಚಾಗಿರುವ ದೊಡ್ಡ ಅಂಕಿ ಮಿತಿಯೇ ಹೊರತು ಅಷ್ಟು ಹೊಡೆಯಿರಿ ಅಂತಲ್ಲ. ಗಾಳಿ ಹೊಡೆಯುವ ಹುಡುಗರು ಅಲ್ಲಿವರೆಗೆ ತುಂಬಿಸದೆ ಬಿಡುವುದಿಲ್ಲ, ಆದ್ದರಿಂದ ಮೀಟರ್ ಇರುವ ಪಂಪು ಮನೆಯಲ್ಲೇ ಇಟ್ಟುಕೊಂಡಿದ್ದೇನೆ. ಟಯರ್ ಕೊಳ್ಳುವ ಮೊದಲು ಫೋರ್ಕಿನಲ್ಲೂ ಹಿಂಬದಿಯ ಫ್ರೇಮಿನಲ್ಲೂ ಜಾಗ ಇದೆಯಾ ಅಳೆಯಬೇಕು. ಟಯರ್ ಕಾರ್ಬನ್ನಿಗೆ ಉಜ್ಜಿದರೆ ಮರಳು ಕಾಗದದ ಹಾಗೆ ತಿನ್ನುತ್ತದೆ.

ಚೈನಿನ ಬಗ್ಗೆ ಒಂದೇ ಮಾತು. ಅಡಿಪಟ್ಟಿ ಇಟ್ಟು ನೋಡಿ. ಹೊಸ ಚೈನಿನ ಹನ್ನೆರಡು ಜೋಡಿ ಕೊಂಡಿ (ಒಳಗಿನದೊಂದು, ಹೊರಗಿನದೊಂದು ಸೇರಿ ಒಂದು ಜೋಡಿ) ಸರಿಯಾಗಿ ಹನ್ನೆರಡು ಇಂಚು. ಅದು ಇಂಚಿನ ಹದಿನಾರರಲ್ಲಿ ಒಂದು ಪಾಲು ಉದ್ದವಾಯಿತೆಂದರೆ ಬದಲಿಸುವ ಹೊತ್ತು ಬಂತು. ತಡ ಮಾಡಿದರೆ ಸವೆದ ಚೈನು ಹಲ್ಲುಚಕ್ರವನ್ನೂ ತಿನ್ನುತ್ತದೆ.

ಇನ್ನು ಕಾರ್ಬನ್ ಗಾಜಿನ ಹಾಗೆ ಒಡೆಯುತ್ತದೆ ಎಂಬ ಮಾತು. ಇದರಲ್ಲಿ ಅರ್ಧ ನಿಜ ಇದೆ. ಕಾರ್ಬನ್ ಎಂದರೆ ಎಳೆಗಳನ್ನು ಪದರ ಪದರವಾಗಿ ಅಂಟಿನಲ್ಲಿ ಕೂರಿಸಿದ ವಸ್ತು. ಎಳೆಯ ಉದ್ದಕ್ಕೆ ಎಳೆದರೆ ಭಾರೀ ಗಟ್ಟಿ. ಒಂದೇ ಜಾಗದಲ್ಲಿ ಹಿಂಡಿದರೆ, ಕುಕ್ಕಿದರೆ ಅಷ್ಟು ತಡೆಯುವುದಿಲ್ಲ. ಸ್ಟೀಲಿನ ಹಾಗೆ ಬಗ್ಗಿ ಮುನ್ಸೂಚನೆ ಕೊಡುವ ಗುಣವೂ ಇಲ್ಲ. ಹಾಗಾಗಿ ಅದನ್ನು ಕೆಡಿಸುವುದು ರಸ್ತೆಗಿಂತ ಹೆಚ್ಚಾಗಿ ಸ್ಪ್ಯಾನರ್ ಹಿಡಿದ ಕೈ.

ನನಗೇ ಆದದ್ದು ಹೇಳುತ್ತೇನೆ. ಎರಡನೇ ವರ್ಷ ಒಂದು ಅಂಗಡಿಯಲ್ಲಿ ಸರ್ವಿಸಿಗೆ ಬಿಟ್ಟಿದ್ದೆ. ಸೀಟಿನ ಕಂಬಕ್ಕೆ ಗ್ರೀಸ್ ಹಚ್ಚಿ ಕೊಟ್ಟರು. ಅಲ್ಯೂಮಿನಿಯಂ ಕಂಬವನ್ನು ಅಲ್ಯೂಮಿನಿಯಂ ಫ್ರೇಮಿಗೆ ಕೂರಿಸುವಾಗ ಅದು ಸರಿ. ಕಾರ್ಬನ್ನಿಗೆ ತಪ್ಪು. ಕಂಬ ಜಾರತೊಡಗಿತು. ಹೊರಡುವಾಗ ಸರಿಯಿದ್ದ ಸೀಟು ಮನೆಗೆ ಬರುವ ಹೊತ್ತಿಗೆ ಒಂದು ಬೆರಳು ಕೆಳಗೆ. ವಾಪಸ್ ಒಯ್ದೆ. ಹುಡುಗ ಅಲೆನ್ ಕೀ ಹಾಕಿ ಮೈಮೇಲೆ ಬಂದವನ ಹಾಗೆ ಬಿಗಿದ. ಕಂಬ ಹಿಡಿಯುವ ಕ್ಲಾಂಪಿನ ಮೇಲೆ ‘5 ಎನ್ಎಂ’ (ಎಷ್ಟು ಬಿಗಿಯಬೇಕೆಂಬ ಅಳತೆ, 5 ನ್ಯೂಟನ್ ಮೀಟರ್) ಅಂತ ಅಚ್ಚಾಗಿದೆಯಲ್ಲ ಅಂದೆ. “ಅದೆಲ್ಲ ಸುಮ್ನೆ ಬರೆದಿರ್ತಾರೆ ಮೇಡಂ” ಅಂದ.

ವಾರದ ನಂತರ ಕ್ಲಾಂಪಿನ ಕೆಳಗೆ ಕೂದಲೆಳೆಯಂಥ ಗೆರೆ ಕಂಡಿತು. ಆ ರಾತ್ರಿ ನಿದ್ದೆ ಬರಲಿಲ್ಲ. ನಾಣ್ಯದಿಂದ ಮೆಲ್ಲಗೆ ತಟ್ಟಿ ನೋಡಿದೆ. ಒಳಗೆ ಪದರ ಬಿಟ್ಟಿದ್ದರೆ ಅಲ್ಲಿ ಸದ್ದು ಮಂದವಾಗುತ್ತದೆ. ನನ್ನ ಕಿವಿಗೆ ಎಲ್ಲ ಕಡೆ ಒಂದೇ ಸದ್ದು, ಆದರೆ ನನ್ನ ಕಿವಿಯನ್ನು ನಂಬುವುದು ಹೇಗೆ? ಕಾರ್ಬನ್ ರಿಪೇರಿ ಗೊತ್ತಿದ್ದವರೊಬ್ಬರು ಬಣ್ಣವನ್ನು ಸ್ವಲ್ಪ ಉಜ್ಜಿ ನೋಡಿ, ಬಿರುಕು ಬಣ್ಣದ್ದು ಮಾತ್ರ, ಎಳೆಗೆ ಏನೂ ಆಗಿಲ್ಲ ಅಂದರು. ಅವರೇ ಗ್ರೀಸೆಲ್ಲ ಒರೆಸಿ, ಕಾರ್ಬನ್ ಪೇಸ್ಟ್ ಹಚ್ಚಿ ಕೂರಿಸಿದರು. ಅದರಲ್ಲಿ ಸಣ್ಣ ಹರಳಿನಂಥ ಕಣಗಳು ಇರುತ್ತವೆ, ಕಮ್ಮಿ ಬಿಗಿತದಲ್ಲೇ ಹಿಡಿತ ಸಿಗುತ್ತದೆ. ಸರಿಯಾಗಿ 5 ನ್ಯೂಟನ್ ಮೀಟರ್. ನಾಲ್ಕು ವರ್ಷವಾಯಿತು, ಕಂಬ ಒಂದು ಮಿಲಿಮೀಟರ್ ಜಾರಿಲ್ಲ. ಗುರುತಿಗೆ ಸುತ್ತಿದ ಟೇಪು ಇದ್ದಲ್ಲೇ ಇದೆ.

ಅವತ್ತೇ ನಾನು ಟಾರ್ಕ್ ವ್ರೆಂಚ್ ಕೊಂಡೆ. ಹೇಳಿದ ಬಿಗಿತ ಮುಟ್ಟಿದಾಗ ಟಕ್ ಅನ್ನುತ್ತದೆ, ಅಲ್ಲಿಗೆ ನಿಲ್ಲಿಸಬೇಕು. ನಿಮ್ಮ ಲೇಖನದಲ್ಲಿ ಹದಿನಾಲ್ಕು ಅಪ್‌ಗ್ರೇಡ್‌ಗಳ ಪಟ್ಟಿ ಇದೆ, ಈ ಉಪಕರಣದ ಹೆಸರೇ ಇಲ್ಲ. ಸರ್ವಿಸ್ ಸ್ಟ್ಯಾಂಡಿಗೆ ಸಿಕ್ಕಿಸುವಾಗ ಫ್ರೇಮಿನ ಮೇಲಿನ ಕೊಳವೆಯನ್ನು ಹಿಡಿಸಬಾರದು, ಸೀಟಿನ ಕಂಬವನ್ನು ಹಿಡಿಸಬೇಕು ಎಂಬುದೂ ಇಲ್ಲ. ಮುಂದಿನ ವಾರ ಅಷ್ಟನ್ನಾದರೂ ಅಚ್ಚು ಹಾಕಿ. ಹ್ಯಾಂಡಲ್ ಬಗ್ಗೆ ಬರೆದ ಆ ವಾಕ್ಯಕ್ಕೆ ಒಂದು ತಿದ್ದುಪಡಿಯೂ ಬರಲಿ.

ನಾನು ತಂದ ಬಾಗಿದ ಹ್ಯಾಂಡಲ್ ಐದು ವರ್ಷದಿಂದ ಅಟ್ಟದ ಮೇಲಿದೆ. ಒಂದು ಗೀರೂ ಬಿದ್ದಿಲ್ಲ. ಲೇಖಕರು ತಮ್ಮ ಹೈಬ್ರಿಡ್ಡಿಗೆ ಹಾಕಿಸಿ ನೋಡುವುದಾದರೆ ಸಂತೋಷದಿಂದ ಕೊಡುತ್ತೇನೆ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳಾದ ಲೆಕ್ಕದ ಟೀಚರ್