ಲೀಟರಿಗೆ ನಲವತ್ತು ಎಮ್ಮೆಲ್

ಟಿಳಕವಾಡಿ, ಬೆಳಗಾವಿ
ರವಿವಾರ, ರಾತ್ರಿ ಹನ್ನೊಂದು

ಅವ್ವಿ,

ಫೋನ್ ಎತ್ತವಲ್ಲಿ. ಮೆಸೇಜಿಗೆ ಎರಡು ನೀಲಿ ಗೀಟು ಬಿದ್ದಾವ, ಉತ್ತರ ಬಂದಿಲ್ಲ. ಅದಕ್ಕ ಕಾಗದ ಹಿಡದು ಕುಂತೀನಿ. 34 ವರ್ಷ ಆಫೀಸಿನ್ಯಾಗ "ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ" ಅಂತ ಬರದ ಕೈ ಇದು. ಆ ಭಾಷಾದಾಗ ಬರದರ ನಿನಗ ನೋಟೀಸ್ ಕೊಟ್ಟಂಗ ಆದೀತು. ಮನ್ಯಾಗ ಮಾತಾಡಿದಂಗ ಬರೀತೀನಿ.

ಚೌತಿ ಮರುದಿನ ರಾತ್ರಿ ಏನಾತು ಅನ್ನೂದು ಇಬ್ಬರಿಗೂ ಗೊತ್ತೈತಿ, ಅದನ್ನ ತಿರುಗಿ ಬರಿಯೂದಿಲ್ಲ. ನೀ ಅಂದದ್ದರಾಗ ಒಂದ ಮಾತು ಕಿವ್ಯಾಗ ಕುಂತೈತಿ: "ಐದು ವರ್ಷ ಇಬ್ಬರೂ ಕೂಡಿ ಮಾಡಿದ್ದು. ಮೊದಲನೇ ಕಿಕ್ ನಂದು ಅಂತ ಒಂದ ಒಂದು ಕೇಳಿದ್ದೆ." ಖರೆ. ನೀ ಬರೂ ಎರಡು ದಿನ ಮೊದಲ ನಾ ಒಬ್ಬಾವನ ನಮ್ಮ ಹಳೇ ಯೆಜ್ಡಿ ಮೋಟರ್‌ಸೈಕಲ್ ಚಾಲೂ ಮಾಡಿದ್ದು ಖರೆ. ಅದು ನಿನಗ ಬಾಜೂ ಮನಿ ಹುಡುಗನ ವಿಡಿಯೋದಿಂದ ಗೊತ್ತಾಗಿದ್ದು ಇನ್ನೂ ಕೆಟ್ಟ. ನಿಮ್ಮವ್ವ ನನಗ ಅಂದಳು, "ಗಣಪತಿ ಇನ್ನೂ ಕಪಿಲೇಶ್ವರ ಹೊಂಡ ಕಂಡಿಲ್ಲ, ಮಗಳ್ನ ಮಾತ್ರ ಪುಣೆ ಬಸ್ ಹತ್ತಿಸಿದಿ." ನಿನ್ನ ಪಾಲಿನ ಕಡಬು ಡಬ್ಬಿದಾಗ ಅದಾವ. ಅಕಿ ನನಗ ಮುಟ್ಟಗೊಡವಲ್ಲಳು.

"ಟೆಸ್ಟ್ ಮಾಡಿದೆ" ಅಂತ ಹೇಳಿದೆ ನಿನಗ. ಸುಳ್ಳಲ್ಲ. ಆದರ ಖರೆ ಕಾರಣ ಅದಲ್ಲ. ಖರೆ ಕಾರಣ ನಿನ್ನ ಗದ್ದದ ಕೆಳಗ ಐತಿ, ಮೂರು ಹೊಲಿಗಿ ಹಾಕಿದ ಗುರುತು.

ನಾಯಿ ಅಡ್ಡ ಬಂತು ಅಂತ ನಿನಗ ಹೇಳೀವಿ. ನೀನೂ ಎಲ್ಲಾರಿಗೂ ಹಂಗ ಹೇಳಕೋತ ಬಂದಿ. ಕಾಲೇಜಿನ್ಯಾಗ ಯಾರೋ ಕೇಳಿದಾಗ ಆ ನಾಯಿಗೆ ಕರೀ ಬಣ್ಣ ಹಚ್ಚಿ, ಬಾಲ ಹಚ್ಚಿ ಹೇಳಿದ್ದೀ ಅಂತ ಮನಿಗೆ ಬಂದು ನಕ್ಕಿದ್ದಿ. ಅವ್ವಿ, ಅವತ್ತು ನಾಯಿ ಇರಲಿಲ್ಲ.

2003. ಸಂಕೇಶ್ವರದಿಂದ ತಿರುಗಿ ಬರತಿದ್ವಿ, ನಿನ್ನ ಅಜ್ಜಿ ಮನಿಯಿಂದ. ನೀ ಮುಂದ ಟ್ಯಾಂಕಿನ ಮ್ಯಾಲ, ಹ್ಯಾಂಡಲ್ ಹಿಡದು, "ನಾನ ಹೊಡಿಯಾಕತ್ತೀನಿ" ಅಂತ ಒದರಕೋತ. ಹಿಂದ ನಿಮ್ಮವ್ವ, ಅಕಿ ತೊಡಿ ಮ್ಯಾಲ ಶೇಂಗಾದ ಚೀಲ. ಗಾಡಿ ರಿಜರ್ವ್‌ಗೆ ಬಂದಿತ್ತು. ಸಂಕೇಶ್ವರದ ಪಂಪಿನ್ಯಾಗ 5 ಲೀಟರ್ ಪೆಟ್ರೋಲ್ ಹಾಕಸಿದೆ. ಪೆಟ್ರೋಲಿನ್ಯಾಗ ಕಲಸೂ ಟೂ-ಟಿ ಎಣ್ಣಿ ಅಂದರ ಪಂಪಿನ ಹುಡುಗ "ಖಾಲಿ ಆಗೇತ್ರಿ" ಅಂದ. ಮುಂದಿನ ಪಂಪಿನ್ಯಾಗ ಹಾಕಸೋಣ ಅಂತ ಹೊಂಟೆ. ಮುಂದಿನ ಪಂಪ್ ಬಂತು, ಲಾರಿ ಸಾಲು ಹಚ್ಚಿದ್ದವು. ಅದರ ಮುಂದಿಂದು ರೋಡಿನ ಆಚೀ ಕಡೆ ಇತ್ತು. ಮಳಿ ಮೋಡ ಕಟ್ಟಿತ್ತು, ಮನಿ ಮುಟ್ಟಬೇಕು ಅನ್ನೂ ಅವಸರ. ಮರತಿದ್ದೆ ಅಂತ ಹೇಳಿದರ ಇವತ್ತೂ ಸುಳ್ಳು ಹೇಳಿದಂಗ. ನೆನಪಿತ್ತು. ಎರಡೂ ಪಂಪ್ ದಾಟೂವಾಗ ನೆನಪಿತ್ತು.

ಬೇಕಾಗಿದ್ದು 200 ಎಮ್ಮೆಲ್. ಎರಡು ಚಾ ಕಪ್ಪಿನಷ್ಟು ಎಣ್ಣಿ.

ನಿನಗ ಹೇಳಿಕೊಡಬೇಕಾಗಿಲ್ಲ, ಆದರೂ ಹೇಳತೀನಿ. ಟೂ-ಸ್ಟ್ರೋಕ್ ಎಂಜಿನ್ನಿನ ಹೊಟ್ಟ್ಯಾಗ ಫೋರ್-ಸ್ಟ್ರೋಕಿನಂಗ ಎಣ್ಣಿ ನಿಂತಿರೂದಿಲ್ಲ. ಪೆಟ್ರೋಲಿನ ಜೋಡಿ ಬಂದ ಎಣ್ಣೀನ ಕ್ರ್ಯಾಂಕಿಗೂ, ಬೇರಿಂಗಿಗೂ, ಪಿಸ್ಟನ್ನಿಗೂ ಹತ್ತಿ, ಕಡೀಕ ಸುಟ್ಟು ನೀಲಿ ಹೊಗಿ ಆಗಿ ಹೋಗತೈತಿ. ಬಾಜೂ ಮನಿಯವರ ಯಮಹಾ ಆರ್‌ಎಕ್ಸ್ 100ಕ್ಕ ಎಣ್ಣಿ ಟ್ಯಾಂಕ್ ಬ್ಯಾರೆ, ಪಂಪ್ ತಾನ ಕಲಸಿ ಕೊಡತೈತಿ. ನಮ್ಮ ಯೆಜ್ಡಿಗೆ ಆ ಭಾಗ್ಯ ಇಲ್ಲ, ಕಲಸೂದು ಮನಷ್ಯಾನ ಕೆಲಸ. ಎಣ್ಣಿ ಇಲ್ಲಂದರ ಅಲ್ಯುಮಿನಿಯಂ ಪಿಸ್ಟನ್ ಕಾದು ಉಬ್ಬತೈತಿ, ಅದರ ಸುತ್ತಲಿನ ಬೀಡಿನ ಬ್ಲಾಕ್ ಅಷ್ಟು ಉಬ್ಬೂದಿಲ್ಲ. ನಡುವ ಇದ್ದದ್ದೇ ಒಂದು ಕೂದಲೆಳಿಯಷ್ಟು ಸಂದಿ, ಅದು ತುಂಬಿದರ ಪಿಸ್ಟನ್ ಹಿಡದು ಎಂಜಿನ್ ನಿಲ್ಲತೈತಿ.

ವಂಟಮೂರಿ ಘಾಟಿನ ಏರಿನ್ಯಾಗ ದನಿ ಬದಲಾತು. ಒಡಕ ದನಿ ಅಲ್ಲ, ಬಿಗಿ ದನಿ. ಗಂಟಲಾಗ ತುತ್ತು ಸಿಕ್ಕಾವ ಮಾತಾಡಿದಂಗ. ನನಗ ಕೇಳಿಸಿತು. ಗಾಡಿ ಎಳಿಯವಲ್ಲದು ಅಂತ ತಿಳೀತು. ಆಗ ಕ್ಲಚ್ ಹಿಡೀಬೇಕಾಗಿತ್ತು, ಎಂಜಿನ್ ನಿಂತರೂ ಗಾಲಿ ತಿರುಗತಿತ್ತು. ಹಿಂದ ಬಸ್ ಹಾರ್ನ್ ಹೊಡಿಯಾಕತ್ತಿತ್ತು, ನಾ ಎಕ್ಸಿಲೇಟರ್ ಇನ್ನಷ್ಟು ತಿರುವಿದೆ. ಮೂರು ಸೆಕೆಂಡ್ ಇದ್ದೀತು. ಹಿಂದಿನ ಗಾಲಿ ಒಮ್ಮೆಲೆ ನಿಂತ ಬಿಟ್ಟಿತು.

ಆ ಮೂರು ಸೆಕೆಂಡ್ ನಾ ಎಷ್ಟು ಸಲ ಓಡಿಸೀನಿ ಅಂತ ಲೆಕ್ಕ ಇಲ್ಲ. ಒಮ್ಮೊಮ್ಮೆ ಕ್ಲಚ್ ಹಿಡೀತೀನಿ, ಗಾಡಿ ಸುಮ್ಮನ ಬಾಜೂಕ ಉರುಳಿ ನಿಲ್ಲತೈತಿ, ನೀ "ಯಾಕಪ್ಪಾ?" ಅಂತಿ. ಒಮ್ಮೊಮ್ಮೆ ಹಿಡಿಯೂದಿಲ್ಲ, ಹಿಂದಿನ ಬಸ್ ಬ್ರೇಕ್ ಹಾಕೂದೂ ಇಲ್ಲ. ಖರೇದಾಗ ಡ್ರೈವರ್ ಹಾಕಿದ. ಪುಣ್ಯಾತ್ಮ ಇಳಿದು ಬಂದು ಮೊದಲ ನಿನ್ನ ಎತ್ತಿಕೊಂಡ, ಆಮ್ಯಾಲ ನನಗ ಬೈದ. ರೋಡ್ ತುಂಬ ಶೇಂಗಾ ಚೆಲ್ಲಿದ್ದವು. ನಿನ್ನ ಗದ್ದದಿಂದ ರಕ್ತ ಇಳಿಯಾಕತ್ತಿತ್ತು. ನೀ ಅಳಲಿಲ್ಲ, ಶೇಂಗಾ ಆರಸಾಕ ಹೋದಿ.

"ಏನಾತ್ರೀ?" ಅಂತ ಅಂವ ಕೇಳಿದಾಗ ನನ್ನ ಬಾಯಿಂದ ಬಂದದ್ದು "ನಾಯಿ ಅಡ್ಡ ಬಂತ್ರಿ." ಅಲ್ಲಿಂದ ಆ ನಾಯಿ ನಮ್ಮ ಮನ್ಯಾಗ ಸಾಕಿದ ನಾಯಿ ಆತು.

ನಿಮ್ಮವ್ವಗ ಗೊತ್ತೈತಿ. ಪಂಪಿನ್ಯಾಗ ಅಕಿ ನನ್ನ ಹಿಂದ ನಿಂತಿದ್ದಳು. 22 ವರ್ಷದಾಗ ಒಂದಿನಾನೂ ಬಾಯಿ ಬಿಟ್ಟು ಅಂದಿಲ್ಲ. ಆದರ ಸ್ಕೂಟರಿಗೆ ಪೆಟ್ರೋಲ್ ಹಾಕಸಾಕ ನಿಂತಾಗೊಮ್ಮೆ ಹಿಂದಿಂದ ಸಣ್ಣ ದನಿಯಿಂದ "ಎಣ್ಣಿ?" ಅಂತಾಳ. ಇದಕ್ಕ ಬೇಕಾಗಿಲ್ಲ ಅಂತ ನಾ ಪ್ರತಿ ಸಲ ಹೇಳತೀನಿ. ಪ್ರತಿ ಸಲ ಕೇಳತಾಳ.

2020ರ ಲಾಕ್‌ಡೌನಿನ್ಯಾಗ ನೀ ಹಿತ್ತಲದ ತಾಡಪತ್ರಿ ಎಳದು "ಅಪ್ಪಾ, ಇದನ್ನ ಎಬ್ಬಿಸೋಣ" ಅಂದಿ. ಸಾಮಾನು ಸಿಗೂದಿಲ್ಲ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನಿ 1996ರಾಗ ಮುಚ್ಚೇತಿ ಅಂತ ನಾ ಅಡ್ಡ ಹಾಕಿದೆ. ಸಾಮಾನಿನ ಚಿಂತಿ ಅಲ್ಲ ಅದು. ನೀ ಬ್ಲಾಕ್ ಬಿಚ್ಚತೀ ಅನ್ನೂ ಚಿಂತಿ.

ಬಿಚ್ಚಿದಿ. ಬಾಗಲದಾಗ ಬಿಸಿಲಿಗೆ ಹಿಡದು ಒಳಗ ನೋಡಿದಿ. ಹೊಗಿ ಹೋಗೂ ತೂತಿನ ಬಾಜೂ ನಾಕು ಉದ್ದನ ಗೀರು, ಅದರಾಗ ಬೆಳ್ಳಿ ಹಚ್ಚಿದಂಗ ಅಲ್ಯುಮಿನಿಯಂ ಮೆತ್ತಿತ್ತು. ನೀ ಕಿರುಬೆರಳಿನ ಉಗುರು ಮ್ಯಾಲಿಂದ ಕೆಳಗ ಎಳದಿ, ಉಗುರು ಸಿಕ್ಕೊಂಡು ಟಕ್ ಅಂತು. "ಇದೇನಪ್ಪಾ?" ಅಂದಿ. "ಜಂಗ" ಅಂದೆ. ಜಂಗ ಹಿಂಗ ಗೀಟು ಎಳದಂಗ ಇರತೈತೇನು ಅಂತ ನೀ ನನ್ನ ಮಾರಿ ನೋಡಿದಿ, ನಾ ಸ್ಪ್ಯಾನರ್ ಹುಡುಕಾಕತ್ತಿದೆ. ಎರಡನೇ ಸುಳ್ಳು ಅದು. ಮೊದಲನೇದಕ್ಕಿಂತ ದೊಡ್ಡದು, ಯಾಕಂದರ ಆಗ ನೀ ಐದು ವರ್ಷದ ಕೂಸು ಅಲ್ಲ.

ಉದ್ಯಮಬಾಗದ ಲೇತಿನವರ ಹಂತೇಕ ಬ್ಲಾಕಿನ ಒಳಗ ಕೊರದು ನುಣುಪು ಮಾಡೂ ಬೋರಿಂಗ್ ಮಾಡಸಾಕ ಹೋದಾಗ ನೀ ಚಾ ಹೇಳಾಕ ಹೊರಗ ಹೋಗಿದ್ದಿ. ಆ ಮುದಕ ಬ್ಲಾಕಿನ್ಯಾಗ ಬೆರಳು ಆಡಿಸಿ, ನನ್ನ ಮಾರಿ ನೋಡಲಾರದ ಅಂದರು, "ಸಾಹೇಬ್ರ, ಇದು ಎಣ್ಣಿ ಇಲ್ದ ಹಿಡದದ್ದು." ಹೂಂ ಅಂದೆ. ಊರಾಗ ಅದನ್ನ ನಾ ಒಪ್ಪಿಕೊಂಡದ್ದು ಅವರೊಬ್ಬರ ಮುಂದ.

ನೀ ಚಾ ತೊಗೊಂಡು ಬಂದಿ. "ಮಗನ್ನ ಕರಕೊಂಡು ಬರಬೇಕಿತ್ತು" ಅಂತ ಅಲ್ಲಿ ಯಾರೋ ಅಂದರು. ನೀ ಕಪ್ ಇಟ್ಟು, ವರ್ನಿಯರ್ ತೊಗೊಂಡು ಪಿಸ್ಟನ್ನಿನ ಅಳತಿ ಓದಿ, ಅವರು ಬರಕೊಂಡ ಅಂಕಿ ತಪ್ಪೈತಿ ಅಂದಿ. ತಪ್ಪಿತ್ತು. ಕ್ರ್ಯಾಂಕಿನ ಎರಡೂ ಕಡೆ ಎಣ್ಣಿ ಸೀಲ್ ಹೊಸಾವ ಹಾಕಬೇಕು ಅಂತ ಹಟ ಹಿಡದಾಕಿನೂ ನೀನ. ಹಳೇವು ನಡೀತಾವ ಅಂತ ನಾ ಅಂದಿದ್ದೆ. ಟೂ-ಸ್ಟ್ರೋಕಿನ ಕ್ರ್ಯಾಂಕ್‌ಕೇಸ್ ಬರೇ ಡಬ್ಬಿ ಅಲ್ಲ, ಅದೂ ಒಂದು ಪಂಪ್, ಸೀಲ್ ಸೋರಿದರ ಹೊರಗಿನ ಗಾಳಿ ಎಳಕೊಂಡು ಮತ್ತ ಪಿಸ್ಟನ್ ಹಿಡೀತೈತಿ ಅಂತ ನನಗ ನೀ ಪಾಠ ಮಾಡಿದಿ. ಲೇತಿನ ಮುದಕ ನಕ್ಕರು. ಅವತ್ತು ಸ್ಕೂಟರ್ ಹೊಡಕೋತ ಮನಿಗೆ ಬರೂವಾಗ ನನಗ ಎದಿ ಉಬ್ಬಿತ್ತು. ಅದನ್ನ ಅವತ್ತ ಹೇಳಬೇಕಿತ್ತು. ವರ್ನಿಯರ್ ಡಬ್ಬಿದಾಗ ಇಟ್ಟಿಯೇನು ಅಂತ ಕೇಳಿದೆ, ಅಷ್ಟ.

ಈಗ ಆ ದಿನದ್ದು. ಮುಂಜಾನೆ ಐದಕ್ಕ ಎದ್ದೆ. 2 ಲೀಟರ್ ಪೆಟ್ರೋಲ್, ಲೀಟರಿಗೆ 40ರಂತೆ 80 ಎಮ್ಮೆಲ್ ಎಣ್ಣಿ. ನಿನ್ನ ಕೆಮ್ಮಿನ ಔಷಧದ ಹಳೇ ಅಳತಿ ಕಪ್ಪಿನ್ಯಾಗ ಎಂಟು ಸಲ ಹೊಯ್ದೆ. ಎಷ್ಟಾತು ಅಂತ ಲೆಕ್ಕ ತಪ್ಪಿತು, ಚೆಲ್ಲಿ ಮತ್ತ ಮೊದಲಿಂದ ಹೊಯ್ದೆ. ಗೇರ್ ಹಾಕೂ ಕಡ್ಡಿನ ಒಳಗ ಒತ್ತಿ ಮ್ಯಾಲ ತಿರುವಿದರ ಅದ ಕಿಕ್ ಆಗತೈತಲ್ಲ, ಆ ಖೂನ ಕಾಲಿಗೆ ಇನ್ನೂ ಇತ್ತು. ಹದಿನಾಲ್ಕನೇ ಕಿಕ್ಕಿಗೆ ಹತ್ತಿತು. ಎರಡೂ ಸೈಲೆನ್ಸರಿನಿಂದ ಹೊಗಿ, ನಿಮ್ಮವ್ವ ಸೌಟು ಹಿಡಕೊಂಡು ಹೊರಗ ಬಂದಳು, ಹುಡುಗ ಮೊಬೈಲ್ ಹಿಡಕೊಂಡು ಬಂದ.

ವಿಡಿಯೋ ಇನ್ನೊಮ್ಮೆ ನೋಡು. ಗಾಡಿ ನ್ಯೂಟ್ರಲ್‌ದಾಗ ಸ್ಟ್ಯಾಂಡಿನ ಮ್ಯಾಲ ಐತಿ. ನನ್ನ ಎಡಗೈ ನೋಡು. ನಾಕು ನಿಮಿಷ ಕ್ಲಚ್ ಹಿಡಕೊಂಡ ನಿಂತೀನಿ.

ನಿನ್ನ ಕಾಲಾಗ ಅದು ಮೊದಲ ಸಲ ಚಾಲೂ ಆಗಬಾರದು, ಅಷ್ಟ ನನ್ನ ತಲ್ಯಾಗ ಇದ್ದದ್ದು. ನೀ ಹಾಕಿದ ಸೀಲ್, ನೀ ಫೀಲರ್ ಗೇಜ್ ಹಿಡದು ಸಂದಿ 0.4 ಎಂ.ಎಂ.ಗೆ ನಿಲ್ಲಿಸಿದ ಕಿಡಿ ಹಾರಸೂ ಪಾಯಿಂಟ್. ನಿನ್ನ ಕೆಲಸದ ಮ್ಯಾಲ ಸಂಶಯ ಇರಲಿಲ್ಲ. ಇದನ್ನ ಹೆಂಗ ಹೇಳಿದರೂ ಇತ್ತು ಅಂದಂಗ ಕೇಳತೈತಿ. ತಪ್ಪು ನಂದು, ಅವ್ವಿ. ಚಾಲೂ ಮಾಡಿದ್ದು ತಪ್ಪು, ಮುಚ್ಚಿಟ್ಟದ್ದು ಅದಕ್ಕಿಂತ ತಪ್ಪು.

ಚಳಿಗಾಲದಾಗ ಚೋರ್ಲಾ ಘಾಟಿಗೆ ಗೋವಾಕ್ಕ ಹೊಡಕೊಂಡು ಹೋಗತೀನಿ ಅಂದಿದ್ದಿ. ಬ್ಯಾಡ ಅನ್ನೂದಿಲ್ಲ. ಆದರ ಎರಡು ಬೆರಳು ಯಾವಾಗಲೂ ಕ್ಲಚ್ ಮ್ಯಾಲ ಇರಲಿ. ದನಿ ಬಿಗಿ ಆತು ಅಂದರ ಮೊದಲ ಕ್ಲಚ್, ಆಮ್ಯಾಲ ವಿಚಾರ. ಇಳಕಲದಾಗ ಗೇರಿನ್ಯಾಗ ಇಟ್ಟು ಎಕ್ಸಿಲೇಟರ್ ಪೂರ್ತಿ ಮುಚ್ಚಿ ಭಾಳ ಹೊತ್ತು ಹೋಗಬ್ಯಾಡ. ಪೆಟ್ರೋಲ್ ನಿಂತರ ಎಣ್ಣೀನೂ ನಿಲ್ಲತೈತಿ, ಚಕ್ರ ಮಾತ್ರ ಎಂಜಿನ್ ತಿರುಗಸತಿರತಾವ. ನಡುನಡುವ ಕ್ಲಚ್ ಹಿಡದು ಒಂದೀಟು ರೇಸ್ ಕೊಡು. ಮೊದಲ ಎಣ್ಣಿ ಅಳದು ಕೈಯಾಗ ಇಟಗೊ, ಆಮ್ಯಾಲ ಪೆಟ್ರೋಲ್ ಹಾಕಸು. ಹೊಸ ಪಿಸ್ಟನ್, ಮೊದಲ 500 ಕಿಲೋಮೀಟರ್ ಜೋರ ಮಾಡಬ್ಯಾಡ. ರಾತ್ರಿ ಎರಡರ ತನಕ ಲ್ಯಾಪ್‌ಟಾಪ್ ಮುಂದ ಕುಂದ್ರತೀಯಂತ, ಮುಂಜಾನೆ ಬರೇ ಚಾ ಕುಡದು ಓಡತೀಯಂತ. ಹಂಗ ಓಡಸಿದರ ಯಾವ ಎಂಜಿನ್ನೂ... ಇರಲಿ. ಎಲ್ಲಿಂದ ಎಲ್ಲಿಗೆ ಬಂದೆ ನೋಡು. ನೀ ಈಗ ನಗತಿದ್ದರ ಸಾಕು, ಸಿಟ್ಟಿದ್ದರ ಈ ಪ್ಯಾರಾ ಬಿಡು.

ಇನ್ನೊಂದು. ನಾಕು ನಿಮಿಷ ಓಡಿಸಿ ಬಂದ್ ಮಾಡಿ ನೋಡಿದರ ಬ್ಲಾಕಿನ ಬುಡಕ ಕರೀ ಎಣ್ಣಿ ಪಸರಿಸಿತ್ತು. ಬುಡದ ಪ್ಯಾಕಿಂಗ್ ಸೋರೇತಿ. ರೆಡಿಮೇಡ್ ತರಸೋಣ ಅಂತ ನೀ ಅಂದಿದ್ದಿ, ಇಪ್ಪತ್ತು ರೂಪಾಯಿ ಹಾಳಿ ತಂದು ನಾ ಕತ್ತರೀಲೆ ಕತ್ತರಿಸಿ ಹಾಕಿದ್ದೆ. ಮತ್ತ ಅದ ಚಾಳಿ. ನಿನ್ನಿ ಬ್ಲಾಕ್ ಬಿಚ್ಚಿ, ಒರಸಿ, ನನ್ನ ಹಳೇ ಧೋತರದಾಗ ಸುತ್ತಿ ನಿನ್ನ ಟೇಬಲ್ ಮ್ಯಾಲ ಇಟ್ಟೀನಿ. ಈಗ ಗಾಡಿ ಚಾಲೂ ಆಗೂದಿಲ್ಲ. ನಾನೂ ಮಾಡೂದಿಲ್ಲ.

ಪುಣೆದಾಗ ಜುನಾ ಬಜಾರ್ ಬುಧವಾರ, ರವಿವಾರ ಕೂಡತೈತಿ. ಯೆಜ್ಡಿ ರೋಡ್‌ಕಿಂಗ್, 250 ಸಿಸಿ, ಬ್ಲಾಕಿನ ಬುಡದ ಪ್ಯಾಕಿಂಗ್ ಅಂತ ಕೇಳು. ಅದ ಹೆಸರಿನ ಹೊಸ ಗಾಡೀದು ಕೊಟ್ಟಾರು, ಅವು ಫೋರ್-ಸ್ಟ್ರೋಕ್, ಕೂಡೂದಿಲ್ಲ. ಎರಡು ತೊಗೊ, ಒಂದು ಹರದರ ಇನ್ನೊಂದು ಇರಲಿ. ಚೌಕಾಸಿ ಮಾಡು. ರೊಕ್ಕ ನಾ ಕೊಡತೀನಿ.

ನಿಮ್ಮಪ್ಪ

ತಾ.ಕ.: ಔಷಧದ ಕಪ್ಪು ತೊಳದು ನಿನ್ನ ಸ್ಪ್ಯಾನರ್ ಡಬ್ಬಿದಾಗ ಹಾಕೀನಿ. ವರ್ನಿಯರೂ ಅಲ್ಲೇ ಐತಿ.