ಜ್ವಾಲಾಮುಖಿ ಸಾಕು, ಹರಳೆಣ್ಣೆ ಹರಿಯಲಿ

ಮಾನ್ಯ ಸಂಪಾದಕರೇ,

ಈಚೆಗೆ ಒಂದು ವಿಜ್ಞಾನ ವಸ್ತುಪ್ರದರ್ಶನಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಮೂರು ಮೇಜಿನ ಮೇಲೆ ಅದೇ ಅಡುಗೆ ಸೋಡಾಕ್ಕೆ ವಿನೆಗರ್ ಸುರಿದು ನೊರೆ ಉಕ್ಕಿಸುವ ಜ್ವಾಲಾಮುಖಿ ಮಾದರಿ. ಒಬ್ಬ ಹುಡುಗಿಯನ್ನು, 'ವಿನೆಗರ್ ಬದಲು ನಿಂಬೆರಸ ಹಾಕಿದರೆ ಏನಾಗುತ್ತಮ್ಮಾ?' ಎಂದು ಕೇಳಿದೆ. ಅವಳು ಮೇಷ್ಟ್ರ ಮುಖ ನೋಡಿದಳು. ಆಗಲೂ ನೊರೆ ಉಕ್ಕುತ್ತದೆ. ಆದರೆ ಹಾಕಿ ನೋಡು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ ಅಲ್ವಾ?

ನಾನು ಚಳ್ಳಕೆರೆ ತಾಲ್ಲೂಕಿನ ಸರ್ಕಾರಿ ಶಾಲೆಯೊಂದರಲ್ಲಿ ಐದನೇ ತರಗತಿಗೆ ಪಾಠ ಮಾಡುತ್ತೇನೆ. ಎಣ್ಣೆ ಗಿರಣಿಗಳ ಸೀಮೆ ನಮ್ಮದು. 'ಯಾವ ದ್ರವ ಬೇಗ ಹರಿಯುತ್ತದೆ?' ಎಂದು ಬೋರ್ಡ್ ಮೇಲೆ ಬರೆದು ಸುಮ್ನೆ ಕೂತೆ. ಕಂಡುಹಿಡಿಯುವುದು ಹೇಗೆ ಅಂತ ಮಕ್ಕಳೇ ಹೇಳಬೇಕು. ಮಾರನೇ ದಿನ ಶೇಂಗಾ ಎಣ್ಣೆ, ಹರಳೆಣ್ಣೆ, ಮಜ್ಜಿಗೆ, ಬೆಲ್ಲದ ಪಾಕ ಬಂದವು. ಪಾಕ ಅರ್ಧ ದಾರಿಯಲ್ಲೇ ಅರ್ಧ ಆಗಿತ್ತು, ಆ ಮಾತು ಬಿಡಿ.

ಬಿಸಿಯೂಟದ ತಟ್ಟೆಯನ್ನು ಓರೆಯಾಗಿಟ್ಟು ಸುರಿದರು. ಒಂದು ಗುಂಪು ಚಮಚದಲ್ಲಿ, ಇನ್ನೊಂದು ಲೋಟದಲ್ಲಿ. 'ನೀವು ಜಾಸ್ತಿ ಹಾಕಿದ್ರಿ' ಅಂತ ಜಗಳ. ನಾನು ಬಾಯಿ ಹಾಕಲಿಲ್ಲ. ಜಗಳ ಮುಗಿಯುವ ಹೊತ್ತಿಗೆ ಅವರೇ ಒಂದು ಒಪ್ಪಂದಕ್ಕೆ ಬಂದಿದ್ದರು. ಕೆಮ್ಮಿನ ಔಷಧಿ ಮುಚ್ಚಳದಲ್ಲಿ 5 ಎಂ.ಎಲ್., ಎಲ್ಲರಿಗೂ ಅದೇ ತಟ್ಟೆ, ಅದರ ಕೆಳಗೆ ಎರಡೇ ಪುಸ್ತಕ, ಒಂದೊಂದು ದ್ರವಕ್ಕೂ 3 ಸಲ. ಸಮಯ ನೋಡಲು ನನ್ನ ಮೊಬೈಲ್.

ಆದರೂ ಎಡವಟ್ಟಾಯಿತು. ಎಣ್ಣೆ ಸುರಿದ ತಟ್ಟೆಗೇ ನೀರು ಹಾಕಿದರು. ನೀರು ಹನಿಹನಿಯಾಗಿ ಉರುಳಿತು. 'ಮಿಸ್, ಜಿಡ್ಡು ಐತೆ' ಎಂದಳು ಹಿಂದಿನ ಬೆಂಚಿನವಳು. ತಟ್ಟೆ ಬೂದಿಯಲ್ಲಿ ತಿಕ್ಕಿಸಿಕೊಂಡಿತು. ಆಮೇಲೆ ನೀರು ಮೊದಲು, ಎಣ್ಣೆ ಕೊನೆಗೆ. ಇದು ನನಗೇ ಹೊಳೆದಿರಲಿಲ್ಲ.

ಹರಳೆಣ್ಣೆ ಎಲ್ಲಕ್ಕಿಂತ ಹಿಂದೆ ಬಿತ್ತು. ಆದರೆ ಮೂರನೇ ಸಲ ಬೇಗ ಇಳಿದುಬಿಟ್ಟಿತು. 'ತಪ್ಪಾಯ್ತು ಮಿಸ್, ಅಳಿಸಲಾ?' ಎಂದ ಬರೆಯುವ ಹುಡುಗ. ಬೇಡ ಎಂದೆ. ನೋಡಿದರೆ ಬಾಟಲಿ ಕಿಟಕಿಯ ಬಿಸಿಲಲ್ಲಿತ್ತು. ಕಾದ ಎಣ್ಣೆ ತೆಳುವಾಗಿ ಹರಿಯುತ್ತದೆ. ಅಳಿಸಿದ್ದರೆ ಇದು ಸಿಗುತ್ತಲೇ ಇರಲಿಲ್ಲ. ಇನ್ನೊಬ್ಬಳ ತಕರಾರು ಬೇರೆ: ಇಷ್ಟು ಮಂದ ಇರುವ ಹರಳೆಣ್ಣೆ ನೀರಿನ ಮೇಲೆ ತೇಲುತ್ತದಲ್ಲ, ಯಾಕೆ? ನಿಧಾನ ಹರಿಯುವುದೇ ಬೇರೆ, ಒಂದೇ ಅಳತೆಗೆ ಎಷ್ಟು ತೂಕ ಅನ್ನುವುದೇ ಬೇರೆ. ಅದನ್ನು ತಿಳಿಯಲು ಈಗ ತಕ್ಕಡಿ ಹುಡುಕುತ್ತಿದ್ದಾರೆ.

ವಸ್ತುಪ್ರದರ್ಶನ ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟೇ. ಥರ್ಮಾಕೋಲ್ ಅಂದಕ್ಕೆ ಕೊಡುವ ಅಂಕದಲ್ಲಿ ಅರ್ಧವನ್ನು ಮಕ್ಕಳ ಯೋಜನೆಯ ಹಾಳೆಗೆ ಕೊಡಿ. ಪ್ರಶ್ನೆ ಏನು, ಮೊದಲ ಊಹೆ ಏನು, ಯಾವುದನ್ನು ಬದಲಿಸಿದರು, ಯಾವುದನ್ನು ಹಾಗೇ ಇಟ್ಟರು, ಎಲ್ಲಿ ಎಡವಿದರು, ಎಲ್ಲ ಅದರಲ್ಲಿ ಇರಲಿ. ತೀರ್ಪುಗಾರರು ಮೊದಲು ಅದನ್ನು ಓದಲಿ.

ನಮ್ಮ ಹಾಳೆಗೆ ಎಣ್ಣೆ ಕಲೆಯಾಗಿದೆ. ಹಾಗೇ ತರುತ್ತೇವೆ.

– ಪ್ರಾಥಮಿಕ ಶಾಲಾ ಶಿಕ್ಷಕಿ, ಚಳ್ಳಕೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ