ಬದುವಿನ ಗೊಬ್ಬರದ ಗಿಡಕ್ಕೆ ಜೆಸಿಬಿ ಏಕೆ?

ಮಾನ್ಯರೇ,

ಯುಗಾದಿ ಕಳೆದ ವಾರ ಪಕ್ಕದ ಹೊಲದವರು ಜೆಸಿಬಿ ತರಿಸಿ ಬದು ಹಸನು ಮಾಡಿಸಿದರು. ಎರಡು ಹೊಂಗೆ ಮರ, ಒಂದು ಸಾಲು ಗ್ಲಿರಿಸಿಡಿಯಾ ಮಧ್ಯಾಹ್ನದೊಳಗೆ ಬುಡಮೇಲಾದವು. ರಾಗಿಗೆ ನೆರಳು ಬೀಳುತ್ತದೆ ಎಂಬುದು ಅವರ ಕಾರಣ. ಭರಣಿ ಮಳೆಯ ಒಂದೇ ಹೊಡೆತಕ್ಕೆ ಆ ಬದು ಕೊಚ್ಚಿ, ಕೆಂಪು ನೀರು ನನ್ನ ತೆಂಗಿನ ಪಾತಿಗಳಲ್ಲಿ ಬಂದು ನಿಂತಿತು. ಅವರ ಮೇಲ್ಮಣ್ಣು ನನಗೆ ಪುಕ್ಕಟೆ ಸಿಕ್ಕಿದೆ. ಸಂತೋಷಪಡಲು ಮನಸ್ಸು ಬರುತ್ತಿಲ್ಲ.

ನೆರಳಿನ ದೂರು ಸುಳ್ಳಲ್ಲ. ಗ್ಲಿರಿಸಿಡಿಯಾವನ್ನು, ಅಂದರೆ ನಾವು ಗೊಬ್ಬರದ ಗಿಡ ಎನ್ನುವುದನ್ನು, ಅದರ ಪಾಡಿಗೆ ಬಿಟ್ಟರೆ ಮರವಾಗುತ್ತದೆ. ಆದರೆ ಕಡಿದಷ್ಟೂ ಚಿಗುರುವ ಗಿಡ ಅದು. ರಾಗಿ ಬಿತ್ತನೆಗೆ ಎರಡು ವಾರ ಮೊದಲು ಸೊಂಟದೆತ್ತರಕ್ಕೆ ಕಡಿದು, ಎಳೆ ರೆಂಬೆಗಳನ್ನು ಹೊಲದಲ್ಲಿ ಹರಡಿ ಉಳುತ್ತೇನೆ. ನೆರಳೂ ಹೋಯಿತು, ಗೊಬ್ಬರವೂ ಬಂತು. ಸುಗ್ಗಿಯ ಹೊತ್ತಿಗೆ ಕಡಿದದ್ದು ತೆಂಗಿನ ಪಾತಿಗೆ. ಕೊಳೆಯುವಾಗಿನ ವಾಸನೆಗೆ ಮನೆಯವರು ಮೂಗು ಮುಚ್ಚಿಕೊಳ್ಳುತ್ತಾರೆ, ಅದು ಬೇರೆ ಮಾತು.

ಇದರ ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತದೆ. ಒಣ ಎಲೆಯಲ್ಲಿ ಸಾರಜನಕ ಶೇ 3ರ ಆಸುಪಾಸು; ಯೂರಿಯಾದಲ್ಲಿ ಶೇ 46. ಹಾಗಾಗಿ ಗೊಬ್ಬರದ ಅಂಗಡಿಯ ಮುಖವನ್ನೇ ನೋಡಿಲ್ಲವೆಂದು ಜಂಬ ಕೊಚ್ಚಲಾರೆ, ಈಗಲೂ ಅರ್ಧ ಮೂಟೆ ತರುತ್ತೇನೆ. ಆದರೆ ಹನ್ನೊಂದು ವರ್ಷದ ಹಿಂದೆ ನೇಗಿಲಿಗೆ ಬರೀ ಹೆಂಟೆ ಏಳುತ್ತಿದ್ದ ಹೊಲದಲ್ಲಿ ಇಂದು ಮಳೆಯ ಮರುದಿನ ಎರೆಹುಳುವಿನ ಹಿಕ್ಕೆ ಕಾಣುತ್ತದೆ. ಅದು ಯೂರಿಯಾದ ಕೆಲಸವಲ್ಲ. ಹಾಗೆಂದು ಕೋಡು ಬಿಡುವ ಮರವೆಲ್ಲ ಹೀಗೆಯೇ ಅಲ್ಲ. ಹುಣಸೆಯೂ ಇದೇ ಕುಟುಂಬದ್ದು, ಅದರ ಬೇರಿನಲ್ಲಿ ಗಂಟು ಕಟ್ಟುವುದಿಲ್ಲ.

ಸರ್ಕಾರದ ದುಡ್ಡಿನಲ್ಲಿ ಬದು ಹಾಕಿಸುವವರು ಅದೇ ಮಳೆಗಾಲದಲ್ಲಿ ಅದರ ಮೇಲೆ ಈ ಗಿಡದ ಕಡ್ಡಿಯನ್ನೂ ನೆಡಿಸಲಿ. ಸಸಿ, ಪ್ಲಾಸ್ಟಿಕ್ ಚೀಲ, ಟೆಂಡರು ಯಾವುದೂ ಬೇಡ. ಹೆಬ್ಬೆರಳಿಗಿಂತ ದಪ್ಪನೆಯ, ಮೂರಡಿ ಉದ್ದದ ಬಲಿತ ಕಡ್ಡಿ, ಎರಡು ಅಡಿಗೊಂದು. ಬುಡದ ಕಡೆ ಕೆಳಗಿರಲಿ. ಅವಸರದಲ್ಲಿ ನಾನು ತಲೆಕೆಳಗಾಗಿ ನೆಟ್ಟವು ಒಣಗಿದವು. ನಮ್ಮ ಹಸುಗಳು ಮೂಸಿ ಬಿಡುತ್ತವೆ, ಮೇಕೆಗಳು ಬಿಡುವುದಿಲ್ಲ. ಮೊದಲ ವರ್ಷ ಮುಳ್ಳು ಹೊದಿಸಬೇಕು.

ಕಡ್ಡಿ ಬೇಕಾದ ನಮ್ಮೂರ ಸುತ್ತಿನವರು ರೋಹಿಣಿ ಮಳೆ ಬಿದ್ದ ಮೇಲೆ ನನ್ನ ಹೊಲಕ್ಕೇ ಬರಲಿ, ಮಚ್ಚು ಮಾತ್ರ ಅವರೇ ತರಬೇಕು. ಪಕ್ಕದ ಹೊಲದವರಿಗೂ ಹೇಳಿದ್ದೇನೆ.

– ಒಬ್ಬ ತೆಂಗು ಬೆಳೆಗಾರ, ತಿಪಟೂರು ತಾಲ್ಲೂಕು